ಹೆರಿಗೆಗೆ ಮುನ್ನ ಮಗು ನೆಲೆಗೊಳ್ಳುವ ಬಗೆ: ಕೊನೆಯ ವಾರಗಳಿಗೊಂದು ಕೈಪಿಡಿ

ಗರ್ಭಧಾರಣೆಯ ಕೊನೆಯ ಎರಡು ಮೂರು ತಿಂಗಳಲ್ಲಿ ತಪಾಸಣೆಗೆ ಹೋದಾಗಲೆಲ್ಲ ಗರ್ಭಿಣಿಯೂ ಮನೆಯವರೂ ತಪ್ಪದೆ ಕೇಳುವ ಪ್ರಶ್ನೆಯೆಂದರೆ, ಮಗುವಿನ ತಲೆ ಕೆಳಗೆ ಬಂದಿದೆಯೇ ಎಂಬುದು. 30ನೇ ವಾರದ ಸ್ಕ್ಯಾನ್ ವರದಿಯಲ್ಲಿ ‘ಬ್ರೀಚ್’ ಎಂಬ ಪದ ಕಂಡು ನಿದ್ದೆಗೆಡುವವರಿದ್ದಾರೆ. 38ನೇ ವಾರದಲ್ಲಿ ಮಗು ಅಡ್ಡಲಾಗಿದೆ ಎಂದು ವೈದ್ಯರು ಹೇಳಿದ ಮೇಲೂ, ಹೇಗೂ ತಿರುಗುತ್ತದೆ ಎಂದುಕೊಂಡು ಮನೆಯಲ್ಲೇ ಉಳಿಯುವವರೂ ಇದ್ದಾರೆ. ಮಗುವಿನ ಒಂದೇ ಸ್ಥಿತಿಗೆ 30ನೇ ವಾರದಲ್ಲಿರುವ ಅರ್ಥ 37ನೇ ವಾರದಲ್ಲಿ ಇರುವುದಿಲ್ಲ. ಆದ್ದರಿಂದ ಮಗು ಹೇಗಿದೆ ಎಂಬುದರ ಜೊತೆಗೆ ಎಷ್ಟನೇ ವಾರದಲ್ಲಿ ಹಾಗಿದೆ ಎಂಬುದನ್ನೂ ಸೇರಿಸಿ ನೋಡಿದರೆ ಅನಗತ್ಯ ಭಯ ಕಡಿಮೆಯಾಗುತ್ತದೆ, ಏನಾದರೂ ಮಾಡಬಹುದಾದ ಸಮಯವೂ ಕೈತಪ್ಪುವುದಿಲ್ಲ. ಇಲ್ಲಿ ಬರೆದಿರುವುದೆಲ್ಲ ಒಂದೇ ಮಗುವಿರುವ ಬಸಿರಿಗೆ ಸಂಬಂಧಿಸಿದ್ದು. ಅವಳಿ ಮಕ್ಕಳ ವಿಷಯ ಬೇರೆಯೇ ಆದ್ದರಿಂದ ಅದನ್ನು ನಿಮ್ಮ ವೈದ್ಯರಿಂದಲೇ ತಿಳಿಯಬೇಕು.

ವರದಿಯಲ್ಲಿರುವ ಮಾತುಗಳನ್ನು ಓದುವ ಕ್ರಮ

ಮಗುವಿನ ಸ್ಥಿತಿಯನ್ನು ವೈದ್ಯರು ಮೂರು ಪ್ರಶ್ನೆಗಳಾಗಿ ಬಿಡಿಸಿಕೊಳ್ಳುತ್ತಾರೆ. ಮೊದಲನೆಯದು, ಮಗುವಿನ ಬೆನ್ನುಮೂಳೆ ತಾಯಿಯ ಬೆನ್ನುಮೂಳೆಗೆ ಸಮಾನಾಂತರವಾಗಿ ಉದ್ದಕ್ಕಿದೆಯೇ, ಅಡ್ಡಲಾಗಿದೆಯೇ, ಓರೆಯಾಗಿದೆಯೇ ಎಂಬುದು. ಇದನ್ನು ವರದಿಯಲ್ಲಿ ‘ಲೈ’ ಎಂದು ಬರೆಯುತ್ತಾರೆ. ಎರಡನೆಯದು, ಹೊರಬರುವ ದಾರಿಯ ಕಡೆಗೆ ಯಾವ ಭಾಗ ಮುಂದಾಗಿದೆ ಎಂಬುದು. ತಲೆ ಮುಂದಾಗಿದ್ದರೆ ‘ಸೆಫಾಲಿಕ್’ ಅಥವಾ ‘ವರ್ಟೆಕ್ಸ್’ ಎಂದೂ, ಪೃಷ್ಠ ಅಥವಾ ಕಾಲು ಮುಂದಾಗಿದ್ದರೆ ‘ಬ್ರೀಚ್’ ಎಂದೂ ನಮೂದಿಸುತ್ತಾರೆ. ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು: ತಲೆ ಕೆಳಗಿರುವ ಮಗುವಿನ ಹಿಂದಲೆ ತಾಯಿಯ ಎಡಕ್ಕಿದೆಯೋ ಬಲಕ್ಕಿದೆಯೋ, ಹೊಟ್ಟೆಯ ಕಡೆಗಿದೆಯೋ ಬೆನ್ನಿನ ಕಡೆಗಿದೆಯೋ ಎಂಬುದು. ‘ಎಲ್‌ಒಎ’ ಎಂದು ಬರೆದಿದ್ದರೆ ಹಿಂದಲೆ ತಾಯಿಯ ಎಡಭಾಗದಲ್ಲಿ ಮುಂದಕ್ಕೆ, ಅಂದರೆ ಹೊಟ್ಟೆಯ ಕಡೆಗೆ ಇದೆ ಎಂದರ್ಥ. ‘ಆರ್‌ಒಪಿ’ ಎಂದಿದ್ದರೆ ಬಲಭಾಗದಲ್ಲಿ ಹಿಂದಕ್ಕೆ, ತಾಯಿಯ ಬೆನ್ನಿನ ಕಡೆಗೆ ಇದೆ ಎಂದರ್ಥ. ಈ ಎಡ ಬಲಗಳೆಲ್ಲ ತಾಯಿಯವು, ನೋಡುವವರವಲ್ಲ ಎಂಬುದನ್ನು ನೆನಪಿಟ್ಟರೆ ಗೊಂದಲವಾಗುವುದಿಲ್ಲ.

ಹೆರಿಗೆಗೆ ಹೆಚ್ಚು ಅನುಕೂಲವಾದ ಸ್ಥಿತಿ ಯಾವುದೆಂದರೆ, ಮಗು ಉದ್ದಕ್ಕಿದ್ದು, ತಲೆ ಕೆಳಗಾಗಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ತಾಯಿಯ ಹೊಟ್ಟೆಯ ಕಡೆಗೆ ಮಾಡಿಕೊಂಡಿರುವುದು. ಗದ್ದ ಎದೆಗೆ ಒತ್ತಿದೆಯೇ ಎಂಬ ಸಣ್ಣ ಸಂಗತಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಅಳತೆಗಳೇ ಹೇಳುತ್ತವೆ. ಚೆನ್ನಾಗಿ ಬಾಗಿಸಿದ ತಲೆ ಸುಮಾರು 9.5 ಸೆಂಟಿಮೀಟರ್ ಅಗಲದಲ್ಲಿ ದಾರಿಯನ್ನು ಎದುರಿಸಿದರೆ, ಬಾಗಿಸದೆ ನೆಟ್ಟಗಿಟ್ಟ ಅದೇ ತಲೆ ಸುಮಾರು 11.5 ಸೆಂಟಿಮೀಟರ್ ಅಗಲದಲ್ಲಿ ಎದುರಿಸುತ್ತದೆ. ಪೆಲ್ವಿಸ್ ಎಂದು ಕರೆಯುವ ಸೊಂಟದ ಮೂಳೆಗಳ ಕುಹರದ ಮೇಲ್ಬಾಯಿ ಎಡದಿಂದ ಬಲಕ್ಕೆ ಸುಮಾರು 13 ಸೆಂಟಿಮೀಟರ್, ಮುಂದಿನಿಂದ ಹಿಂದಕ್ಕೆ ಸುಮಾರು 11 ಸೆಂಟಿಮೀಟರ್ ಇರುತ್ತದೆ. ಕೆಳಬಾಯಿಯಲ್ಲಿ ಇದು ಅದಲುಬದಲಾಗಿ, ಮುಂದಿನಿಂದ ಹಿಂದಕ್ಕಿರುವ ಜಾಗವೇ ದೊಡ್ಡದಾಗುತ್ತದೆ. ಹಾಗಾಗಿ ಹೆಚ್ಚಿನ ಮಕ್ಕಳು ಮುಖವನ್ನು ತಾಯಿಯ ಒಂದು ಪಕ್ಕಕ್ಕೆ ಮಾಡಿ ಒಳಗಿಳಿದು, ಹೆರಿಗೆಯ ನೋವಿನ ನಡುವೆ ತಿರುಗಿ, ಮುಖ ತಾಯಿಯ ಬೆನ್ನಿನ ಕಡೆಗಿರುವಂತೆ ಹೊರಬರುತ್ತವೆ. ಹೆರಿಗೆಗೆ ಮುಂಚಿನ ವಾರಗಳಲ್ಲಿ ಮಗು ಪಕ್ಕಕ್ಕೆ ತಿರುಗಿದೆ ಎಂದು ವರದಿ ಬಂದರೆ ಅದು ದೋಷವಲ್ಲ. ಒಳಗಿಳಿಯುವುದಕ್ಕೆ ಅದೇ ಸಹಜವಾದ ಭಂಗಿ.

ತಲೆ ಏಕೆ ಕೆಳಗೆ ಬರುತ್ತದೆ, ಯಾವಾಗ ಬರುತ್ತದೆ

28ನೇ ವಾರದ ಹೊತ್ತಿಗೆ ನಾಲ್ಕೈದು ಮಕ್ಕಳಲ್ಲಿ ಒಂದು ಬ್ರೀಚ್ ಸ್ಥಿತಿಯಲ್ಲಿರುತ್ತದೆ. ದಿನ ತುಂಬುವ ವೇಳೆಗೆ ಆ ಪ್ರಮಾಣ 100ರಲ್ಲಿ 3ರಿಂದ 4ಕ್ಕೆ ಇಳಿಯುತ್ತದೆ. ನಡುವಿನ ವಾರಗಳಲ್ಲಿ ಉಳಿದ ಮಕ್ಕಳೆಲ್ಲ ಯಾರ ನೆರವೂ ಇಲ್ಲದೆ ತಾವಾಗಿಯೇ ತಿರುಗಿರುತ್ತವೆ. ಗರ್ಭಕೋಶ ತಲೆಕೆಳಗಾದ ಪೇರುಹಣ್ಣಿನ ಆಕಾರದಲ್ಲಿ ಮೇಲ್ಭಾಗ ಅಗಲವಾಗಿ, ಕೆಳಭಾಗ ಕಿರಿದಾಗಿರುತ್ತದೆ. ಮಡಚಿದ ಕಾಲುಗಳೊಡನೆ ಪೃಷ್ಠಭಾಗ ತಲೆಗಿಂತ ಹೆಚ್ಚು ಜಾಗ ಬೇಡುತ್ತದೆ, ಒದೆಯುವುದಕ್ಕೂ ಎಡೆ ಬೇಕಾಗುತ್ತದೆ. ಅದು ಮೇಲೆ ಸಿಗುವುದರಿಂದ ತಲೆ ಕೆಳಗೆ ಸೇರುತ್ತದೆ. ಮಗುವಿನ ಸುತ್ತಲಿನ ಗರ್ಭಜಲ 34ರಿಂದ 36ನೇ ವಾರದ ಆಸುಪಾಸಿನಲ್ಲಿ ಅತಿ ಹೆಚ್ಚಿದ್ದು ಆಮೇಲೆ ನಿಧಾನವಾಗಿ ಇಳಿಯುತ್ತದೆ, ಮಗು ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ತಿರುಗುವುದಕ್ಕೆ ಇರುವ ಅವಕಾಶ ಹೀಗೆ ಪ್ರತಿ ವಾರವೂ ಕುಗ್ಗುವುದರಿಂದಲೇ 36ನೇ ವಾರವನ್ನು ವೈದ್ಯರು ಒಂದು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಅದಕ್ಕೂ ಮುಂಚೆ ಬಂದ ಬ್ರೀಚ್ ವರದಿಗೆ ಯಾವ ಚಿಕಿತ್ಸೆಯೂ ಬೇಕಾಗಿಲ್ಲ, ಅದನ್ನು ನೆನಪಿನಲ್ಲಿಟ್ಟು ಮುಂದೆ ಮತ್ತೊಮ್ಮೆ ನೋಡಿದರೆ ಸಾಕು.

ಕೆಲವು ಮಕ್ಕಳು ತಿರುಗದಿರುವುದಕ್ಕೆ ಕಾರಣಗಳಿರುತ್ತವೆ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡು ಕೆಳಗೆ ಕೂತಿರಬಹುದು, ಕೆಳಭಾಗದಲ್ಲಿ ಫೈಬ್ರಾಯ್ಡ್ ಗಡ್ಡೆ ಇರಬಹುದು, ಗರ್ಭಕೋಶದ ಆಕಾರವೇ ನಡುವೆ ಸೀಳಿದಂತೆ ಇರಬಹುದು, ಗರ್ಭಜಲ ಅತಿ ಹೆಚ್ಚು ಅಥವಾ ಅತಿ ಕಡಿಮೆ ಇರಬಹುದು. ಹಲವು ಹೆರಿಗೆಗಳಾದ ತಾಯಿಯ ಗರ್ಭಕೋಶದ ಮತ್ತು ಹೊಟ್ಟೆಯ ಸ್ನಾಯುಗಳು ಸಡಿಲವಾಗಿರುವುದರಿಂದ ಮಗು ಕೊನೆಯವರೆಗೂ ಅತ್ತಿತ್ತ ಹೊರಳಾಡುತ್ತಿರಬಹುದು. ಅನೇಕರಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ. ತಾಯಿ ಮಲಗಿದ, ಕೂತ, ನಡೆದ ರೀತಿಯಿಂದ ಮಗು ಉಲ್ಟಾ ಆಯಿತು ಎಂದು ಆಕೆಯನ್ನು ದೂರುವುದು ತಪ್ಪು. ಹಾಗೆ ಹೇಳುವವರ ಮಾತನ್ನು ಗರ್ಭಿಣಿ ಮನಸ್ಸಿಗೆ ಹಚ್ಚಿಕೊಳ್ಳಬಾರದು, ಮನೆಯವರು ಹೇಳಗೊಡಬಾರದು.

ತಲೆ ಕೆಳಗಿರುವುದು ಬೇರೆ, ತಲೆ ಇಳಿದಿರುವುದು ಬೇರೆ

ತಲೆ ಕೆಳಗಿದೆ ಎಂದ ಮಾತ್ರಕ್ಕೆ ಅದು ಪೆಲ್ವಿಸ್‌ನೊಳಗೆ ಇಳಿದು ಕೂತಿದೆ ಎಂದಲ್ಲ. ವೈದ್ಯರು ‘ತಲೆ ಫಿಕ್ಸ್ ಆಗಿದೆ’ ಅಥವಾ ‘ಎಂಗೇಜ್ ಆಗಿದೆ’ ಎಂದು ಹೇಳುವುದು, ತಲೆಯ ಅತಿ ಅಗಲವಾದ ಭಾಗ ಪೆಲ್ವಿಸ್‌ನ ಮೇಲ್ಬಾಯಿಯನ್ನು ದಾಟಿದಾಗ. ಇದನ್ನು ಹೊಟ್ಟೆಯ ಮೇಲಿನಿಂದಲೇ ಐದು ಭಾಗಗಳ ಲೆಕ್ಕದಲ್ಲಿ ಅಳೆಯುತ್ತಾರೆ: ಇಡೀ ತಲೆ ಕೈಗೆ ಸಿಗುತ್ತಿದ್ದರೆ 5/5 ಎಂದೂ, ಐದರಲ್ಲಿ ಮೂರು ಭಾಗ ಸಿಗುತ್ತಿದ್ದರೆ 3/5 ಎಂದೂ ಬರೆಯುತ್ತಾರೆ, 2/5 ಅಥವಾ ಅದಕ್ಕಿಂತ ಕಡಿಮೆ ಸಿಕ್ಕರೆ ತಲೆ ಇಳಿದಿದೆ ಎಂದು ತಿಳಿಯುತ್ತಾರೆ. ಅಂದರೆ ಇಲ್ಲಿ ಅಂಕೆ ಚಿಕ್ಕದಾದಷ್ಟೂ ಮಗು ಕೆಳಗಿರುತ್ತದೆ. ತಪಾಸಣೆಯ ಕಾರ್ಡಿನಲ್ಲಿ 2/5 ಎಂದು ಕಂಡು, ತಲೆ ಇನ್ನೂ ಅರ್ಧವೂ ಇಳಿದಿಲ್ಲ ಎಂದು ತಿಳಿದು ಗಾಬರಿಯಾಗುವವರು ಇದ್ದಾರೆ, ಓದಿಕೊಳ್ಳಬೇಕಾದದ್ದು ತದ್ವಿರುದ್ಧವಾಗಿ.

ಚೊಚ್ಚಲ ಬಸುರಿಯಲ್ಲಿ ತಲೆ ಸಾಮಾನ್ಯವಾಗಿ ಹೆರಿಗೆಗೆ ಎರಡು ಮೂರು ವಾರ ಮುಂಚೆಯೇ ಇಳಿಯತೊಡಗುತ್ತದೆ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ನೋವು ಶುರುವಾಗುವವರೆಗೂ ಇಳಿಯದಿರುವುದು ತೀರಾ ಸಾಮಾನ್ಯ, ಅದಕ್ಕಾಗಿ ಕಾಯುತ್ತ ಚಿಂತಿಸಬೇಕಾಗಿಲ್ಲ. ಚೊಚ್ಚಲ ಬಸುರಿಯಲ್ಲೂ ದಿನ ತುಂಬಿದ ಮೇಲೆ ತಲೆ ಮೇಲೆಯೇ ಉಳಿದಿದ್ದರೆ ಮಾಸಿನ ಸ್ಥಾನ, ಗರ್ಭಜಲದ ಪ್ರಮಾಣ, ತಲೆಯ ಭಂಗಿ ಇವುಗಳನ್ನು ವೈದ್ಯರು ಇನ್ನೊಮ್ಮೆ ನೋಡುತ್ತಾರೆ. ತೊಂದರೆ ಏನೂ ಸಿಗದೆ, ನೋವು ಬಂದ ಮೇಲೆ ತಲೆ ಸರಾಗವಾಗಿ ಇಳಿಯುವ ಉದಾಹರಣೆಗಳು ಬೇಕಾದಷ್ಟಿವೆ. ಮಗು ಇಳಿದಾಗ ನಿಮಗೇ ಅದರ ಸುಳಿವು ಸಿಗುತ್ತದೆ. ಪಕ್ಕೆಲುಬುಗಳ ಕೆಳಗಿನ ಒತ್ತಡ ಕಡಿಮೆಯಾಗಿ ಉಸಿರಾಟ ಸಲೀಸಾಗುತ್ತದೆ, ಎದೆಯುರಿ ತುಸು ಇಳಿಯುತ್ತದೆ. ಅದರ ಬದಲಿಗೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ, ಕಿಬ್ಬೊಟ್ಟೆ ಭಾರವಾಗುತ್ತದೆ, ನಡೆಯುವಾಗ ತೊಡೆಸಂದಿಯಲ್ಲಿ ಚುಚ್ಚಿದಂತೆ ಒಮ್ಮೊಮ್ಮೆ ನೋವು ಬರುತ್ತದೆ. ಇವು ಕಾಣಿಸಿಕೊಂಡ ಕೂಡಲೇ ಹೆರಿಗೆ ಹತ್ತಿರವಾಯಿತು ಎಂದು ದಿನ ಎಣಿಸಲು ಬರುವುದಿಲ್ಲ.

ನಿಮ್ಮ ಕೈಯಿಂದಲೇ ಗುರುತಿಸುವ ಬಗೆ

34ನೇ ವಾರದ ನಂತರ, ಸ್ವಲ್ಪ ತಾಳ್ಮೆಯಿದ್ದರೆ ಮಗುವಿನ ಭಂಗಿಯನ್ನು ನೀವೇ ಒಂದು ಮಟ್ಟಿಗೆ ಊಹಿಸಬಹುದು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಆದರೆ ಮಗುವಿನೊಡನೆ ಪರಿಚಯ ಬೆಳೆಸುವುದಕ್ಕೂ ತಪಾಸಣೆಯಲ್ಲಿ ಸರಿಯಾದ ಪ್ರಶ್ನೆ ಕೇಳುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮಗು ಎಚ್ಚರವಾಗಿ ಆಡುತ್ತಿರುವ ಹೊತ್ತನ್ನು ಆರಿಸಿಕೊಳ್ಳಿ. ಮೂತ್ರ ವಿಸರ್ಜನೆ ಮಾಡಿ ಬಂದು, ಬೆನ್ನಿಗೆ ದಿಂಬುಗಳನ್ನಿಟ್ಟು ಅರ್ಧ ಒರಗಿ, ಮಂಡಿಗಳನ್ನು ಮಡಚಿ, ದೇಹವನ್ನು ತುಸು ಎಡಕ್ಕೆ ಓರೆ ಮಾಡಿಕೊಳ್ಳಿ. ಅಂಗಾತ ನೆಟ್ಟಗೆ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ತಿರುಗಬಹುದು, ಆದ್ದರಿಂದ ಹಾಗೆ ಮಲಗಬೇಡಿ.

ಬೆರಳ ತುದಿಗಳಿಂದ ಚುಚ್ಚದೆ, ಬೆರಳುಗಳ ಒಳಮೈಯನ್ನು ಚಪ್ಪಟೆಯಾಗಿ ಇಟ್ಟು ನಿಧಾನವಾಗಿ ಒತ್ತಬೇಕು. ಒಂದು ಅಂಗೈಯನ್ನು ಹೊಟ್ಟೆಯ ಎಡಪಕ್ಕಕ್ಕೆ ಸುಮ್ಮನೆ ಆನಿಸಿ, ಇನ್ನೊಂದು ಕೈಯಿಂದ ಬಲಪಕ್ಕವನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಆಮೇಲೆ ಕೈಗಳ ಕೆಲಸವನ್ನು ಅದಲುಬದಲು ಮಾಡಿ. ಒಂದು ಪಕ್ಕದಲ್ಲಿ ಉದ್ದಕ್ಕೆ, ನುಣುಪಾಗಿ, ತಡೆಯೊಡ್ಡುವ ಗಟ್ಟಿ ಭಾಗ ಸಿಕ್ಕರೆ ಅದು ಬೆನ್ನು. ಎದುರು ಪಕ್ಕದಲ್ಲಿ ಮೆತ್ತಗಿದ್ದು, ಅಲ್ಲಲ್ಲಿ ಸಣ್ಣ ಗಂಟುಗಳು ಕೈಗೆ ಸಿಕ್ಕಿ ಜಾರಿಕೊಂಡರೆ ಅವು ಕೈಕಾಲುಗಳು. ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ಮೇಲ್ತುದಿಯಲ್ಲಿ ಸಿಗುವ ಉಬ್ಬನ್ನು ಎರಡು ಬದಿಗಳಿಂದ ಹಿಡಿದು ತುಸು ಅಲುಗಿಸಿ ನೋಡಿ. ಅಲುಗಿಸಿದಾಗ ಮಗುವಿನ ಇಡೀ ಮೈ ಅದರೊಡನೆ ಸರಿದರೆ, ಮುಟ್ಟಿದರೆ ಮೆತ್ತಗೆ ಅಗಲವಾಗಿದ್ದರೆ ಅದು ಪೃಷ್ಠ. ಅಂದರೆ ತಲೆ ಕೆಳಗಿದೆ. ಮೈ ಅಲುಗದೆ ಅದೊಂದೇ ಭಾಗ ಎರಡು ಕೈಗಳ ನಡುವೆ ಅತ್ತಿಂದಿತ್ತ ಓಲಾಡಿದರೆ, ಗುಂಡಗೆ ಗಟ್ಟಿಯಾಗಿದ್ದರೆ ಅದು ಕುತ್ತಿಗೆಯ ಮೇಲೆ ತಿರುಗುವ ತಲೆ. ಆಗ ಮಗು ಬ್ರೀಚ್ ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಹೊಟ್ಟೆ ಗಟ್ಟಿಯಾಗಿ ಬಿಗಿದುಕೊಂಡರೆ ಒತ್ತುವುದನ್ನು ನಿಲ್ಲಿಸಿ, ಸಡಿಲವಾದ ಮೇಲೆ ಮುಂದುವರಿಸಿ. ನೋವಾದರೆ ಪೂರ್ತಿ ಬಿಟ್ಟುಬಿಡಿ.

ಒದೆತಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಬಲವಾದ ಒದೆತ ಬಲಪಕ್ಕೆಲುಬಿನ ಕೆಳಗೆ ಬೀಳುತ್ತಿದ್ದರೆ ತಲೆ ಕೆಳಗಿದ್ದು ಬೆನ್ನು ಎಡಕ್ಕಿರುತ್ತದೆ. ಎಡಪಕ್ಕೆಲುಬಿನ ಕೆಳಗೆ ಬೀಳುತ್ತಿದ್ದರೆ ಬೆನ್ನು ಬಲಕ್ಕೆ. ಹೊಕ್ಕುಳಿನ ಸುತ್ತ ಮುಂಭಾಗದಲ್ಲೇ ಎಲ್ಲ ಕಡೆ ಕೈಕಾಲಿನ ಚಲನೆ ಕಾಣುತ್ತಿದ್ದು, ಹೊಕ್ಕುಳಿನ ಬಳಿ ಹೊಟ್ಟೆ ತಗ್ಗಿದಂತೆ ತೋರಿದರೆ ಮಗುವಿನ ಬೆನ್ನು ನಿಮ್ಮ ಬೆನ್ನಿಗೆ ಆತುಕೊಂಡಿರಬಹುದು. ಒದೆತವೆಲ್ಲ ಮೂತ್ರಕೋಶದ ಮೇಲೆ, ಗುದದ ಕಡೆಗೆ ಬೀಳುತ್ತಿದ್ದು ಪಕ್ಕೆಲುಬಿನ ಕೆಳಗೆ ಗಟ್ಟಿ ಗುಂಡು ಒತ್ತುತ್ತಿದ್ದರೆ ಬ್ರೀಚ್ ಎಂದು ಅನುಮಾನಿಸಬೇಕು. ಮಗು ಬಿಕ್ಕಳಿಸುವಾಗ ಒಂದೇ ಲಯದಲ್ಲಿ ಬರುವ ಸಣ್ಣ ಮಿಡಿತ ಹೊಕ್ಕುಳಿಗಿಂತ ಕೆಳಗೆ ತಿಳಿದರೆ ಮಗುವಿನ ಎದೆ ಕೆಳಭಾಗದಲ್ಲಿದೆ ಎಂಬ ಸೂಚನೆ. ಒಂದು ದಿನದ ಗುರುತಿಗಿಂತ ನಾಲ್ಕಾರು ದಿನ ಒಂದು ಹಾಳೆಯ ಮೇಲೆ ಹೊಟ್ಟೆಯ ವೃತ್ತ ಬರೆದು, ಎಲ್ಲಿ ಒದೆತ, ಎಲ್ಲಿ ಗಟ್ಟಿ ಭಾಗ ಎಂದು ಗುರುತು ಹಾಕುತ್ತ ಹೋದರೆ ಚಿತ್ರ ತಾನಾಗಿಯೇ ತಿಳಿಯಾಗುತ್ತದೆ. ಮಾಸು ಗರ್ಭಕೋಶದ ಮುಂಗೋಡೆಗೆ ಅಂಟಿಕೊಂಡಿದ್ದರೆ, ಹೊಟ್ಟೆಯ ಕೊಬ್ಬು ದಪ್ಪವಾಗಿದ್ದರೆ ಈ ಗುರುತುಗಳು ಮಸುಕಾಗುತ್ತವೆ. ನಿಮಗೆ ಏನೂ ತಿಳಿಯಲಿಲ್ಲ ಎಂದರೆ ತೊಂದರೆಯಿದೆ ಎಂದೇನೂ ಅಲ್ಲ.

ವೈದ್ಯರು ಅಥವಾ ಶುಶ್ರೂಷಕಿ ಮಾಡುವುದೂ ಇದೇ ಕೆಲಸವನ್ನು, ಹೆಚ್ಚು ಕ್ರಮಬದ್ಧವಾಗಿ. ಜರ್ಮನಿಯ ಪ್ರಸೂತಿ ತಜ್ಞ ಕ್ರಿಶ್ಚಿಯನ್ ಗೆರ್ಹಾರ್ಡ್ ಲಿಯೋಪೋಲ್ಡ್ ಅವರ ಹೆಸರಿನಿಂದ ಕರೆಯುವ ನಾಲ್ಕು ಹಂತದ ಸ್ಪರ್ಶ ಪರೀಕ್ಷೆಯಲ್ಲಿ ಮೇಲ್ತುದಿ, ಎರಡು ಪಕ್ಕ, ಕೆಳತುದಿ, ಕೊನೆಗೆ ತಲೆ ಎಷ್ಟು ಇಳಿದಿದೆ ಎಂಬುದನ್ನು ಒಂದಾದ ಮೇಲೊಂದರಂತೆ ನೋಡುತ್ತಾರೆ. ಹೃದಯ ಬಡಿತ ಹೊಕ್ಕುಳಿಗಿಂತ ಕೆಳಗೆ ಚೆನ್ನಾಗಿ ಕೇಳಿದರೆ ತಲೆ ಕೆಳಗಿದೆ ಎಂದೂ, ಹೊಕ್ಕುಳಿನ ಮಟ್ಟದಲ್ಲಿ ಅಥವಾ ಮೇಲೆ ಕೇಳಿದರೆ ಬ್ರೀಚ್ ಇರಬಹುದು ಎಂದೂ ತಿಳಿಯುತ್ತಾರೆ. ಅನುಭವಿಗಳ ಕೈಯೂ ಒಮ್ಮೊಮ್ಮೆ ತಪ್ಪುವುದರಿಂದ, 36ನೇ ವಾರದಲ್ಲಿ ಸಂದೇಹ ಉಳಿದರೆ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಕೂರುವುದು, ಮಲಗುವುದು, ಬಾಗುವುದು

ಯಾವ ಭಂಗಿಯಲ್ಲಿ ಕೂತರೆ ಮಗು ಸರಿಯಾಗಿ ತಿರುಗುತ್ತದೆ ಎಂಬ ಸಲಹೆಗಳಿಗೆ ಲೆಕ್ಕವಿಲ್ಲ. ಹಿಂದಕ್ಕೆ ಒರಗಿ ಕೂರಬೇಡಿ, ಮಂಡಿ ಸೊಂಟಕ್ಕಿಂತ ಕೆಳಗಿರಲಿ, ಅಂಗೈ ಮತ್ತು ಮಂಡಿಗಳ ಮೇಲೆ ನಿಂತು ಸೊಂಟ ಆಡಿಸಿ ಎಂಬಿವು ಅವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವಂಥವು. ಇವುಗಳಲ್ಲಿ ಕೊನೆಯದನ್ನು ಆಸ್ಟ್ರೇಲಿಯಾದಲ್ಲಿ 2,500ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ಪರೀಕ್ಷಿಸಿ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು: ಕೊನೆಯ ವಾರಗಳಲ್ಲಿ ದಿನಕ್ಕೆರಡು ಬಾರಿ 10 ನಿಮಿಷ ಹೀಗೆ ಮಾಡಿದವರಲ್ಲೂ ಮಾಡದವರಲ್ಲೂ, ಹುಟ್ಟುವಾಗ ಮಗುವಿನ ಹಿಂದಲೆ ಬೆನ್ನಿನ ಕಡೆಗಿರುವ ಪ್ರಮಾಣದಲ್ಲಿ ವ್ಯತ್ಯಾಸ ಬರಲಿಲ್ಲ. ಸೊಂಟವನ್ನು ದಿಂಬುಗಳ ಮೇಲೆ ಎತ್ತರಿಸಿ ಮಲಗಿದರೆ ಬ್ರೀಚ್ ಮಗು ತಿರುಗುತ್ತದೆ ಎನ್ನುವುದಕ್ಕೂ ನಂಬತಕ್ಕ ಆಧಾರ ಸಿಕ್ಕಿಲ್ಲ. ಹಾಗೆಂದು ಈ ಭಂಗಿಗಳೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಅಂಗೈ ಮತ್ತು ಮಂಡಿಗಳ ಮೇಲೆ ಬಾಗಿದಾಗ ಬೆನ್ನಿನ ಮೇಲಿನ ಭಾರ ಇಳಿದು ನೋವು ಕಡಿಮೆಯಾಗುತ್ತದೆ. ದೊಡ್ಡ ವ್ಯಾಯಾಮದ ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸುವುದರಿಂದ, ದಿನವೂ ಆಯಾಸವಾಗದಷ್ಟು ನಡೆಯುವುದರಿಂದ ಮೈ ಸಡಿಲವಾಗಿರುತ್ತದೆ. ನಿಮಗೆ ಹಿತವೆನಿಸಿದರೆ ಮಾಡಿ. ಮಾಡಲಾಗದ ದಿನ ಮಗುವಿಗೆ ಅನ್ಯಾಯ ಮಾಡಿದೆ ಎಂದು ಕೊರಗಬೇಡಿ, ಸುಸ್ತಾದಾಗ ಹಿಂದಕ್ಕೆ ಒರಗಿ ಕೂರುವುದರಲ್ಲಿ ತಪ್ಪೇನೂ ಇಲ್ಲ.

ಒಂದು ಭಂಗಿಯನ್ನು ಮಾತ್ರ ಎಲ್ಲರೂ ಪಾಲಿಸಬೇಕು, ಅದರ ಕಾರಣವೂ ಬೇರೆ. 28ನೇ ವಾರದಿಂದಾಚೆಗೆ ನಿದ್ದೆಗೆ ಹೋಗುವಾಗ ಎಡಕ್ಕಾಗಲಿ ಬಲಕ್ಕಾಗಲಿ ಮಗ್ಗುಲಾಗಿ ಮಲಗಬೇಕು. ಅಂಗಾತ ಮಲಗಿ ನಿದ್ದೆಹೋಗುವವರಲ್ಲಿ ಮಗು ಗರ್ಭದಲ್ಲೇ ಸಾಯುವ ಅಪಾಯ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ನಡುರಾತ್ರಿ ಎಚ್ಚರವಾದಾಗ ಅಂಗಾತವಾಗಿದ್ದರೆ ಹೆದರದೆ ಮಗ್ಗುಲಿಗೆ ಹೊರಳಿಕೊಂಡರೆ ಸಾಕು.

ಇಷ್ಟೇ ಖಚಿತವಾಗಿ ಬೇಡವೆಂದು ಹೇಳಬೇಕಾದದ್ದು, ತರಬೇತಿಯಿಲ್ಲದವರು ಹೊಟ್ಟೆಯನ್ನು ತಿಕ್ಕಿ, ಒತ್ತಿ ಮಗುವನ್ನು ತಿರುಗಿಸಲು ಮಾಡುವ ಪ್ರಯತ್ನ. ಮಾಸು ಎಲ್ಲಿದೆ, ಹೊಕ್ಕುಳಬಳ್ಳಿ ಎಲ್ಲಿದೆ ಎಂಬುದು ಸ್ಕ್ಯಾನ್ ಇಲ್ಲದೆ ಯಾರ ಕೈಗೂ ತಿಳಿಯುವುದಿಲ್ಲ. ಒತ್ತಡಕ್ಕೆ ಮಾಸು ಗೋಡೆಯಿಂದ ಕಿತ್ತುಬಂದರೆ ಒಳಗೇ ರಕ್ತಸ್ರಾವವಾಗಿ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬರುತ್ತದೆ. ಹಿಂದೆ ಸಿಸೇರಿಯನ್ ಆದವರಲ್ಲಿ ಅಪಾಯ ಇನ್ನೂ ಹೆಚ್ಚು. ಎಷ್ಟೇ ಅನುಭವಸ್ಥರು ಎಂದು ಹೇಳಿದರೂ ಇದಕ್ಕೆ ಒಪ್ಪಬಾರದು.

36ನೇ ವಾರದಲ್ಲೂ ಬ್ರೀಚ್ ಇದ್ದರೆ

ಬ್ರೀಚ್‌ನಲ್ಲೂ ಬಗೆಗಳಿವೆ. ಕಾಲುಗಳೆರಡೂ ನೆಟ್ಟಗೆ ಮೇಲಕ್ಕೆ ಚಾಚಿ ಪಾದಗಳು ಮುಖದ ಬಳಿ ಇರುವುದು ಹೆಚ್ಚು ಸಾಮಾನ್ಯ. ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತಂತಿರುವುದು ಇನ್ನೊಂದು. ಒಂದು ಅಥವಾ ಎರಡೂ ಪಾದಗಳು ಪೃಷ್ಠಕ್ಕಿಂತ ಕೆಳಗೆ ಇಳಿಬಿದ್ದಿರುವುದು ಮತ್ತೊಂದು. ಕೊನೆಯದರಲ್ಲಿ ಗರ್ಭಕೋಶದ ಬಾಯಿ ಮುಚ್ಚಿಕೊಳ್ಳದೆ ಎಡೆ ಉಳಿಯುವುದರಿಂದ, ನೀರು ಒಡೆದಾಗ ಹೊಕ್ಕುಳಬಳ್ಳಿ ಜಾರಿ ಬರುವ ಭಯ ಹೆಚ್ಚು. ನಿಮ್ಮ ಮಗು ಯಾವ ಬಗೆಯಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ, ಮುಂದಿನ ನಿರ್ಧಾರಗಳೆಲ್ಲ ಅದನ್ನು ಅವಲಂಬಿಸಿರುತ್ತವೆ.

ಈ ಹಂತದಲ್ಲಿ ವೈದ್ಯರು ಹೊಟ್ಟೆಯ ಮೇಲಿನಿಂದ ಕೈಯಿಂದಲೇ ಮಗುವನ್ನು ತಿರುಗಿಸುವ ವಿಧಾನವನ್ನು ಸೂಚಿಸಬಹುದು. ಇದನ್ನು ‘ಇಸಿವಿ’ ಎನ್ನುತ್ತಾರೆ. ಚೊಚ್ಚಲ ಬಸುರಿಯರಿಗೆ 36ನೇ ವಾರದಿಂದ, ಮುಂಚೆ ಹೆತ್ತವರಿಗೆ 37ನೇ ವಾರದಿಂದ ಮಾಡುತ್ತಾರೆ. ತುರ್ತು ಸಿಸೇರಿಯನ್‌ಗೆ ಅನುಕೂಲವಿರುವ ಆಸ್ಪತ್ರೆಯಲ್ಲೇ ಇದು ನಡೆಯಬೇಕು. ಮೊದಲು ಸ್ಕ್ಯಾನ್ ಮಾಡಿ ಮಗು, ಮಾಸು, ಗರ್ಭಜಲ ನೋಡುತ್ತಾರೆ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಹೃದಯ ಬಡಿತವನ್ನು ಸ್ವಲ್ಪ ಹೊತ್ತು ದಾಖಲಿಸುತ್ತಾರೆ. ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಡಬಹುದು. ಆಮೇಲೆ ಹೊಟ್ಟೆಗೆ ಜೆಲ್ ಸವರಿ, ಒಂದು ಕೈಯಿಂದ ಪೃಷ್ಠವನ್ನು ಪೆಲ್ವಿಸ್‌ನಿಂದ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ತಲೆಯನ್ನು ಕೆಳಮುಖವಾಗಿ ನಡೆಸುತ್ತ, ಮಗು ಮುಂದಕ್ಕೆ ಲಾಗ ಹಾಕುವಂತೆ ಸರಿಸುತ್ತಾರೆ. ನಡುನಡುವೆ ಬಡಿತವನ್ನು ನೋಡುತ್ತಲೇ ಇರುತ್ತಾರೆ. ಒತ್ತುವುದು ಕೆಲವೇ ನಿಮಿಷಗಳಾದರೂ ಹಿತವಾಗಿರುವುದಿಲ್ಲ. ತಡೆಯಲಾಗದಷ್ಟು ನೋವಾದರೆ ನಿಲ್ಲಿಸಿ ಎಂದು ಹೇಳುವ ಹಕ್ಕು ನಿಮಗಿದೆ, ಹೇಳಿದ ಕೂಡಲೇ ನಿಲ್ಲಿಸುತ್ತಾರೆ. ಮುಗಿದ ಮೇಲೆ ಬಡಿತವನ್ನು ಮತ್ತೆ ದಾಖಲಿಸುತ್ತಾರೆ, ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ.

ಒಟ್ಟಾರೆ ಅರ್ಧದಷ್ಟು ಪ್ರಯತ್ನಗಳು ಫಲಿಸುತ್ತವೆ. ಚೊಚ್ಚಲ ಬಸುರಿಯರಲ್ಲಿ 100ರಲ್ಲಿ ಸುಮಾರು 40, ಮುಂಚೆ ಹೆತ್ತವರಲ್ಲಿ ಸುಮಾರು 60. ತುರ್ತಾಗಿ ಸಿಸೇರಿಯನ್ ಮಾಡಬೇಕಾಗಿ ಬರುವುದು ಸುಮಾರು 200ರಲ್ಲಿ ಒಬ್ಬರಿಗೆ. ತಿರುಗಿಸಿದ ಮೇಲೆ ಕೆಲವೇ ಮಕ್ಕಳು ಹಳೆಯ ಸ್ಥಿತಿಗೆ ಮರಳುತ್ತವೆ. ಮಾಸು ಕೆಳಗಿದ್ದರೆ, ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ, ನೀರು ಒಡೆದಿದ್ದರೆ, ಬಡಿತದ ದಾಖಲೆ ಸರಿಯಿಲ್ಲದಿದ್ದರೆ ಇದನ್ನು ಮಾಡುವುದಿಲ್ಲ. ಅಡ್ಡಿಯೇನೂ ಇಲ್ಲದವರು ಈ ಅವಕಾಶದ ಬಗ್ಗೆ ತಾವೇ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಕೇಳದೆ ಎರಡು ವಾರ ಕಳೆದರೆ ಮಗು ಇನ್ನಷ್ಟು ಬೆಳೆದು, ನೀರು ಇನ್ನಷ್ಟು ಇಳಿದು, ತಿರುಗಿಸುವುದು ಕಷ್ಟವಾಗುತ್ತದೆ.

ಮಗು ತಿರುಗದಿದ್ದರೆ ಉಳಿಯುವುದು ಗೊತ್ತುಮಾಡಿದ ದಿನ ಸಿಸೇರಿಯನ್ ಅಥವಾ ಬ್ರೀಚ್ ಆಗಿಯೇ ಸಹಜ ಹೆರಿಗೆ. ಕೆನಡಾದ ಮೇರಿ ಹ್ಯಾನಾ ಅವರ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ, ಯೋಜಿತ ಸಿಸೇರಿಯನ್ ಮಗುವಿಗೆ ಹೆಚ್ಚು ಸುರಕ್ಷಿತವೆಂದು ತೋರಿಸಿದ ಮೇಲೆ ಜಗತ್ತಿನ ಬಹುಪಾಲು ಆಸ್ಪತ್ರೆಗಳು ಅದೇ ದಾರಿ ಹಿಡಿದವು. ಬ್ರೀಚ್ ಹೆರಿಗೆಯಲ್ಲಿ ನುರಿತ ವೈದ್ಯರಿರುವ ಕಡೆ, ಮಗುವಿನ ಗಾತ್ರ ಮತ್ತು ಭಂಗಿ ಅನುಕೂಲವಾಗಿರುವ ಕೆಲವರಿಗೆ ಸಹಜ ಹೆರಿಗೆಯ ಆಯ್ಕೆಯೂ ಇರುತ್ತದೆ. ದಿನ ತುಂಬುವವರೆಗೂ ಬ್ರೀಚ್ ಇದ್ದ ಮಗು ಯಾವ ರೀತಿ ಹುಟ್ಟಿದರೂ ತೊಡೆಯ ಕೀಲು ಸರಿಯಾಗಿ ಕೂತಿದೆಯೇ ಎಂದು ಆಮೇಲೆ ಪರೀಕ್ಷಿಸಬೇಕು. ಸುಮಾರು ಆರನೇ ವಾರದಲ್ಲಿ ಕೀಲಿನ ಸ್ಕ್ಯಾನ್ ಮಾಡಿಸುವುದನ್ನು ಮರೆಯಬಾರದು.

ಅಡ್ಡಲಾಗಿದ್ದರೆ, ಬೆನ್ನಿಗೆ ಬೆನ್ನು ಕೊಟ್ಟಿದ್ದರೆ

37ನೇ ವಾರದ ನಂತರವೂ ಮಗು ಅಡ್ಡಲಾಗಿದ್ದರೆ ಅಥವಾ ಪ್ರತಿ ತಪಾಸಣೆಯಲ್ಲೂ ಬೇರೆ ಬೇರೆ ಸ್ಥಿತಿಯಲ್ಲಿ ಕಂಡರೆ, ಅದು ಬ್ರೀಚ್‌ಗಿಂತ ಗಂಭೀರವಾದ ವಿಷಯ. ಅಡ್ಡಲಾಗಿರುವ ಮಗು ಸಹಜವಾಗಿ ಹುಟ್ಟಲು ಸಾಧ್ಯವಿಲ್ಲ. ನೀರು ಒಡೆದರೆ ಹೊಕ್ಕುಳಬಳ್ಳಿಯೋ ಕೈಯೋ ಮೊದಲು ಹೊರಬರಬಹುದು. ಅದಕ್ಕಾಗಿಯೇ ವೈದ್ಯರು ಇಂಥವರಿಗೆ ಆಸ್ಪತ್ರೆಯಲ್ಲೇ ಉಳಿಯಲು ಹೇಳುತ್ತಾರೆ. ನೋವಿಲ್ಲ, ಆರಾಮವಾಗಿದ್ದೇನೆ ಎಂಬ ಕಾರಣಕ್ಕೆ ಆ ಸಲಹೆಯನ್ನು ತಳ್ಳಿಹಾಕಬೇಡಿ.

ಮಗುವಿನ ಬೆನ್ನು ತಾಯಿಯ ಬೆನ್ನಿಗೆ ಆತುಕೊಂಡಿರುವುದು ಇಷ್ಟು ಚಿಂತೆಯ ವಿಷಯವಲ್ಲ. ನೋವು ಶುರುವಾಗುವಾಗ 100ರಲ್ಲಿ 15ರಿಂದ 30 ಮಕ್ಕಳು ಹೀಗಿದ್ದರೂ ಹುಟ್ಟುವ ಹೊತ್ತಿಗೆ ಹಾಗೇ ಉಳಿಯುವುದು ಸುಮಾರು 5ರಿಂದ 8 ಮಾತ್ರ. ಹೆರಿಗೆ ನಿಧಾನವಾಗಬಹುದು, ಸೊಂಟದ ಕೆಳಭಾಗದಲ್ಲಿ ನೋವು ಬಿಡದೆ ಕಾಡಬಹುದು. ಆಗ ನೇರವಾಗಿರುವುದು, ಮುಂದಕ್ಕೆ ಬಾಗಿ ಮಂಚಕ್ಕೋ ಜೊತೆಗಿರುವವರ ಹೆಗಲಿಗೋ ಆತುಕೊಳ್ಳುವುದು, ಅಂಗೈ ಮಂಡಿಗಳ ಮೇಲೆ ಇರುವುದು, ನೋವು ಬಂದಾಗ ಜೊತೆಗಿರುವವರು ಅಂಗೈ ಬುಡದಿಂದ ಸೊಂಟದ ಕೆಳಗಿನ ಮೂಳೆಯನ್ನು ಬಲವಾಗಿ ಒತ್ತಿಹಿಡಿಯುವುದು ಸಮಾಧಾನ ಕೊಡುತ್ತದೆ. ತಲೆ ತಿರುಗದೇ ಉಳಿದರೆ ವೈದ್ಯರು ಒಳಗಿನಿಂದ ಕೈಯಿಂದ ತಿರುಗಿಸಬಹುದು ಅಥವಾ ಉಪಕರಣದ ನೆರವು ಪಡೆಯಬಹುದು.

ತಡಮಾಡದೆ ಹೊರಡಬೇಕಾದ ಸಂದರ್ಭಗಳು

ಮಗು ಯಾವ ಸ್ಥಿತಿಯಲ್ಲಿದ್ದರೂ ಅದರ ಚಲನೆ ಕಡಿಮೆಯಾಯಿತೆನಿಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೊನೆಯಲ್ಲಿ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎಂಬ ಮಾತು ತಪ್ಪು. ಒದೆತದ ಬದಲು ಹೊರಳುವಿಕೆ, ತಳ್ಳುವಿಕೆ ಹೆಚ್ಚಾಗಬಹುದು, ಆದರೆ ಚಲನೆ ಕಡಿಮೆಯಾಗಬಾರದು. ರಕ್ತ ಕಂಡರೆ, ಹೊಟ್ಟೆ ಸಡಿಲವಾಗದೆ ಗಟ್ಟಿಯಾಗಿ ನೋಯುತ್ತಿದ್ದರೆ ಕಾಯಬಾರದು. ತಲೆ ಇಳಿದಿಲ್ಲ, ಬ್ರೀಚ್ ಅಥವಾ ಅಡ್ಡ ಇದೆ ಎಂದು ಮೊದಲೇ ಗೊತ್ತಿದ್ದವರು ನೀರು ಒಡೆದ ಕೂಡಲೇ, ನೋವಿಲ್ಲದಿದ್ದರೂ, ಹೊರಡಬೇಕು. ಯೋನಿಯಲ್ಲಿ ಬಳ್ಳಿಯಂಥದ್ದು ಕಂಡರೆ ಅಥವಾ ತಗುಲಿದರೆ ಅದನ್ನು ಒಳಕ್ಕೆ ತಳ್ಳಬೇಡಿ, ಎಳೆಯಬೇಡಿ. ಆಂಬುಲೆನ್ಸ್ ಕರೆಸಿ, ಅದು ಬರುವವರೆಗೆ ಮಂಡಿಯೂರಿ ಎದೆಯನ್ನು ನೆಲಕ್ಕೆ ತಾಗಿಸಿ ಪೃಷ್ಠವನ್ನು ಮೇಲೆತ್ತಿಕೊಂಡಿರಿ. ಬಳ್ಳಿಯ ಮೇಲೆ ಮಗುವಿನ ಭಾರ ಬೀಳದಿರಲಿ ಎಂಬುದಕ್ಕೆ ಈ ಭಂಗಿ. ವಾಹನದಲ್ಲಿ ಹಾಗಿರುವುದು ಕ್ಷೇಮವಲ್ಲವಾದ್ದರಿಂದ ಅಲ್ಲಿ ಎಡಮಗ್ಗುಲಾಗಿ, ಸೊಂಟದ ಕೆಳಗೆ ದಿಂಬಿಟ್ಟು ಮಲಗಬೇಕು.

36ನೇ ವಾರದ ತಪಾಸಣೆಗೆ ಹೋಗುವಾಗ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಮಗುವಿನ ಯಾವ ಭಾಗ ಕೆಳಗಿದೆ, ಅದು ಕೈಯ ಅಂದಾಜೋ ಸ್ಕ್ಯಾನ್‌ನಿಂದ ಖಚಿತವೋ, ತಲೆ ಐದರಲ್ಲಿ ಎಷ್ಟು ಭಾಗ ಕೈಗೆ ಸಿಗುತ್ತದೆ, ಮಾಸು ಎಲ್ಲಿದೆ, ತಲೆ ಕೆಳಗಿಲ್ಲದಿದ್ದರೆ ತಿರುಗಿಸುವ ಪ್ರಯತ್ನ ನನಗೆ ಸಾಧ್ಯವೇ, ನೀರು ಒಡೆದರೆ ಎಷ್ಟು ಬೇಗ ಬರಬೇಕು. ಉತ್ತರಗಳನ್ನು ತಪಾಸಣೆಯ ಕಾರ್ಡಿನಲ್ಲೇ ಬರೆಸಿಕೊಂಡು, ಮನೆಯಲ್ಲಿ ಜೊತೆಗಿರುವವರಿಗೂ ತಿಳಿಸಿಡಿ. ಮಕ್ಕಳು 36ನೇ ವಾರದ ಆಚೆಗೂ ಒಮ್ಮೊಮ್ಮೆ ತಿರುಗುವುದುಂಟು. ಆದ್ದರಿಂದ ಹೆರಿಗೆಗೆ ದಾಖಲಾದಾಗ ಸ್ಥಿತಿಯನ್ನು ಮತ್ತೊಮ್ಮೆ ನೋಡಿಸಿಕೊಳ್ಳಿ. ಬ್ರೀಚ್ ಎಂಬ ಕಾರಣಕ್ಕೇ ಸಿಸೇರಿಯನ್ ಗೊತ್ತಾಗಿದ್ದರೆ, ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವ ಮುಂಚೆ ಸ್ಕ್ಯಾನ್ ಮಾಡಿ ಮಗು ಇನ್ನೂ ಬ್ರೀಚ್ ಆಗಿಯೇ ಇದೆಯೇ ಎಂದು ಖಚಿತಪಡಿಸುವಂತೆ ಕೇಳಿ.